ಅತ್ತೆಯ ಕಣ್ಣಿನ ಗುಳಿ

ಎಡಗಣ್ಣೇ ಇರಬೇಕು. ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದದ್ದು ಎಡಗಣ್ಣಿಗೆ, ಹಾಗಾಗಿ ಗುಳಿ ಬಿದ್ದದ್ದೂ ಎಡಗಣ್ಣೇ ಎಂದು ಈಗ ಲೆಕ್ಕ ಹಾಕಿ ಹೇಳುತ್ತಿದ್ದೇನೆ. ಮೊದಲ ಸಲ ಅದನ್ನು ಕಂಡ ಗಳಿಗೆ ನಿಜವಾಗಿ ನನ್ನ ನೆನಪಿನಲ್ಲಿಲ್ಲ. ನೆನಪಿನಲ್ಲಿರುವುದು ಅಡುಗೆಮನೆಯ ಕಿಟಕಿ, ಅದರ ಹತ್ತಿರ ಮಣೆ ಹಾಕಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆ, ಅವರ ಮುಖದ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು. ನೆರಳಿನ ಬದಿಯ ಕಣ್ಣು ಒಳಗೆ ಸರಿದ ಹಾಗೆ ಕಂಡಿತ್ತು. ಆದರೆ ಅವರು ಯಾವಾಗಲೂ ಕೂರುವ ಜಾಗದಲ್ಲಿ ಕೂತರೆ ಕಿಟಕಿ ಅವರ ಎಡಕ್ಕೆ ಬರುತ್ತದೆ. ಅಂದರೆ ನೆರಳಿನಲ್ಲಿದ್ದದ್ದು ಬಲಗಣ್ಣು. ಆ ದಿನ ಅವರು ತಿರುಗಿ ಕೂತಿದ್ದರು ಎಂದುಕೊಳ್ಳಬೇಕು, ಇಲ್ಲವೇ ಈ ಚಿತ್ರವನ್ನು ನಾನು ಆಮೇಲೆ ಕಟ್ಟಿಕೊಂಡದ್ದು ಎಂದು ಒಪ್ಪಬೇಕು. ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ, ಅದಕ್ಕೇ ಸಿಟ್ಟು ಬರುತ್ತದೆ. ಅವರ ಕಣ್ಣಿನ ವಿಷಯದಲ್ಲಿ ನಾನು ಕಂಡದ್ದೇನು, ಬೇರೆಯವರು ಹೇಳಿ ಕಂಡದ್ದೇನು ಎಂಬುದು ಬೇರೆ ಬೇರೆಯಾಗಿ ಸಿಗುತ್ತಲೇ ಇಲ್ಲ.

ಖಚಿತವಾಗಿ ನೆನಪಿರುವುದು ಚಿಕ್ಕತ್ತೆಯ ಮಾತು. ಚಿಕ್ಕತ್ತೆ ಎಂದರೆ ಅತ್ತೆಯ ತಂಗಿ, ನನ್ನ ಗಂಡನ ಚಿಕ್ಕಮ್ಮ, ಸೋಮವಾರಪೇಟೆಯವರು. ಬಸ್ಸಿಳಿದು, ನಮ್ಮ ಅಂಗಡಿಯ ಪಕ್ಕದ ಓಣಿಯಲ್ಲಿ ಬಂದು, ಚಪ್ಪಲಿ ಬಿಡುವ ಮೊದಲೇ ಅವರು ಮಾತು ಶುರು ಮಾಡುತ್ತಾರೆ.

“ಏನಕ್ಕಾ ಇದು, ಕಣ್ಣು ಹಿಂಗ್ ಗುಳಿ ಬಿದ್ದೈತಲ್ಲ! ಹೊಟ್ಟೆಗೆ ಏನಾದ್ರೂ ತಿಂತಿದ್ದೀಯೋ ಇಲ್ಲ ಲಿಂಗಕ್ಕೆ ತೋರ್ಸಿ ಅಲ್ಲೇ ಬಿಡ್ತೀಯೋ?”

“ತಿಂತೀನಿ ಕಣೆ,” ಎಂದರು ಅತ್ತೆ. “ನಿನ್ನಷ್ಟಲ್ಲ.”

ಚಿಕ್ಕತ್ತೆ ನಗಲಿಲ್ಲ. ನನ್ನ ಕಡೆ ತಿರುಗಿದರು. “ನಿಂಗೇನವ್ವ, ಅಂಗಡಿ, ಲೆಕ್ಕ, ಬರಿಯೋದು, ಓದೋದು. ಮುದುಕಿ ತಟ್ಟೆ ನೋಡಕ್ಕೆ ಯಾರಿಗೆ ಪುರುಸೊತ್ತು?”

ಅಲ್ಲಿಂದ ಶುರು. ನಮ್ಮದು ಮಾದಾಪುರದಲ್ಲಿ ಗೋಣಿಚೀಲ, ಟಾರ್ಪಾಲು, ಹಗ್ಗ, ಕತ್ತಿ ಮಾರುವ ಅಂಗಡಿ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗಳಿಂದ ಹಿಡಿದು ಕೂಲಿ ಲೈನಿನ ಹೆಂಗಸರ ತನಕ ಎಲ್ಲರೂ ಬರುತ್ತಾರೆ. ಅತ್ತೆ ಬೆಳಗಿನ ಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಒಂದಷ್ಟು ಹೊತ್ತು ಕೂರುವುದು ಮೊದಲಿನಿಂದಲೂ ಇದ್ದ ರೂಢಿ. ಅಂದರೆ ಇಡೀ ಊರಿಗೆ ಅವರ ಮುಖ ದಿನಾ ಕಾಣುತ್ತಿತ್ತು. ಒಬ್ಬರ ಬಾಯಲ್ಲಿ ಬಂದದ್ದೇ ತಡ, ಎಲ್ಲರಿಗೂ ಆ ಕಣ್ಣು ಕಾಣತೊಡಗಿತು. ಒಬ್ಬ ರೈಟರ್ ಟಾರ್ಪಾಲಿನ ಅಳತೆ ಹೇಳುತ್ತಾ ಹೇಳುತ್ತಾ ನಿಲ್ಲಿಸಿ, “ಅಜ್ಜಿ ಯಾಕೋ ಇಳ್ದೋಗಿದ್ದಾರಲ್ಲ ಮೇಡಂ,” ಎಂದರು. ಇಳಿದಿರಲಿಲ್ಲ. ಅವರ ಬಳೆ ಮೊದಲಿನಷ್ಟೇ ಬಿಗಿಯಾಗಿತ್ತು, ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟವಳು ನಾನೇ. ಆದರೆ ರವಿಕೆಯ ಹೊಲಿಗೆಯನ್ನು ಗಲ್ಲಾದ ಮೇಲೆ ತೂಗುಹಾಕಲು ಬರುವುದಿಲ್ಲವಲ್ಲ.

ವಿಷಯ ಏನೆಂದರೆ, ಅತ್ತೆಗೆ ಎಡಗಣ್ಣಿನಲ್ಲಿ ಗ್ಲಕೋಮಾ. ಕಣ್ಣಿನೊಳಗೆ ಒತ್ತಡ ಏರಿ, ನರ ಸಾಯುತ್ತಾ ಬಂದು, ನೋಟ ಅಂಚಿನಿಂದ ಕಡಿಮೆಯಾಗುವ ಕಾಯಿಲೆ. ಮನೆಯಲ್ಲಿ ನಾವು ಅದನ್ನು ಕಣ್ಣಿನ ಬಿ.ಪಿ. ಎನ್ನುತ್ತಿದ್ದೆವು; ಮಾತ್ರೆ ನುಂಗುವ ಬಿ.ಪಿ. ಒಂದು, ಡ್ರಾಪ್ಸ್ ಹಾಕುವ ಬಿ.ಪಿ. ಇನ್ನೊಂದು. ಹೋದ ನೋಟ ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಅಷ್ಟೆ ಎಂದು ಮಡಿಕೇರಿಯ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಸಂಜೆಯ ಪೂಜೆಯಾದ ಮೇಲೆ ಎಡಗಣ್ಣಿಗೆ ಒಂದು ತೊಟ್ಟು. ಅತ್ತೆ ತಾವೇ ಹಾಕಿಕೊಳ್ಳುತ್ತಿದ್ದರು. ಇನ್ನೊಬ್ಬರ ಬೆರಳು ಕಣ್ಣಿನ ಹತ್ತಿರ ಬರುವುದು ಅವರಿಗೆ ಆಗದು.

ಪಕ್ಕದ ಮನೆಯ ಅಕ್ಕ ಅರೆಭಾಷೆಯವರು. ನಮ್ಮ ಜೊತೆ ಕನ್ನಡ ಮಾತಾಡುತ್ತಾರೆ, ಆಶ್ಚರ್ಯವಾದಾಗ ಮಾತ್ರ ಅವರ ಭಾಷೆ ನುಗ್ಗುತ್ತದೆ, ‘ಇದೆ’ ಹೋಗಿ ‘ಉಟ್ಟು’ ಬರುತ್ತದೆ. ಒಂದು ದಿನ ಕಾಂಪೌಂಡಿನ ಆಚೆಯಿಂದ ಅತ್ತೆಯನ್ನೇ ನೋಡುತ್ತಾ, “ನಿಮ್ಮ ಅತ್ತೆಗೆ ಆ ಒಂದು ಕಣ್ಣ್‌ಲಿ ರೆಪ್ಪೆ ಎಷ್ಟು ಉದ್ದ ಉಟ್ಟು! ಕಾಡಿಗೆ ಹಾಕ್ತಾರಾ?” ಎಂದರು. ಈ ಮಾತು ಮಾತ್ರ ಬೇರೆ ಯಾರೂ ಆಡಿರಲಿಲ್ಲ. ನಾನು ಹೋಗಿ ಹತ್ತಿರದಿಂದ ನೋಡಿದೆ. ನಿಜ. ಎಡಗಣ್ಣಿನ ರೆಪ್ಪೆಗೂದಲು ಹುಡುಗಿಯರದ್ದರ ಹಾಗೆ ಉದ್ದ, ಕಪ್ಪು. ಕಣ್ಣಿನ ಸುತ್ತ ಚರ್ಮ ಕಂದಿತ್ತು. ಮೇಲಿನ ರೆಪ್ಪೆಗೂ ಹುಬ್ಬಿನ ಮೂಳೆಗೂ ನಡುವೆ ಬೆರಳ ತುದಿ ಕೂರುವಷ್ಟು ಹಳ್ಳ. ಕೆಳಗಡೆ, ವಯಸ್ಸಾದವರಿಗೆಲ್ಲ ಇರುವ ಆ ಸಣ್ಣ ಚೀಲ, ಬಲಗಣ್ಣಿನ ಕೆಳಗೆ ಹಾಗೇ ಇತ್ತು. ಎಡಗಣ್ಣಿನ ಕೆಳಗೆ ಸಪಾಟು. ಒಂದೇ ಮುಖದ ಎರಡು ಬದಿಗೆ ಎರಡು ವಯಸ್ಸು.

“ಏನ್ ಹಂಗ್ ನೋಡ್ತೀಯ, ಹೆಣ ನೋಡ್ದಂಗೆ?” ಎಂದರು ಅತ್ತೆ.

“ಕಣ್ಣು ನೋಡ್ತಿದ್ದೀನಿ.”

“ಅದ್ರಲ್ಲಿ ನಂಗೆ ನೀನು ಕಾಣ್ತಿದ್ದೀಯ. ಹೋಗು, ಹಾಲು ಉಕ್ತದೆ.”

ಫೋನಿನಲ್ಲಿ ಹುಡುಕಿ ಓದಿದೆ. ಕಣ್ಣಿನ ಸುತ್ತಲ ಕೊಬ್ಬು ಕರಗುವುದಕ್ಕೆ ವಯಸ್ಸು ಕಾರಣ, ವಂಶ ಕಾರಣ, ತೂಕ ಇಳಿದದ್ದು ಕಾರಣ, ನಿದ್ದೆ ಸಾಲದೆ, ನೀರು ಸಾಲದೆ ಕಣ್ಣು ಗುಳಿ ಬಿದ್ದಂತೆ ಕಾಣಬಹುದು, ಬೀಡಿ ಸಿಗರೇಟು, ಬಿಸಿಲು, ಹಳೆಯ ಪೆಟ್ಟು, ಮುಖ ಸೊರಗಿಸುವ ಯಾವುದೋ ಅಪರೂಪದ ಕಾಯಿಲೆ. ಓದಿದಷ್ಟೂ ತಲೆ ಕೆಟ್ಟಿತು. ಪೆಟ್ಟು ಅವರಿಗೆ ಬಿದ್ದಿರಲಿಲ್ಲ, ಉಳಿದವು ಹೆಚ್ಚುಕಡಿಮೆ ಎರಡೂ ಕಣ್ಣಿಗೆ ಬರಬೇಕಾದವು. ವಯಸ್ಸು ಒಂದೇ ಕಣ್ಣಿಗೆ ಆಗುತ್ತದೆಯೇ? ಉಪವಾಸ ಬಿದ್ದರೆ ಎಡಗಡೆ ಮಾತ್ರ ಸೊರಗುತ್ತದೆಯೇ? ಇಷ್ಟು ಸರಳವಾದ ಪ್ರಶ್ನೆಯನ್ನು ಊರಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಯಾರನ್ನಾದರೂ ಕೇಳಿದರೆ, ಎರಡು ಕಣ್ಣನ್ನೂ ಸರಿಯಾಗಿ ನೋಡದೆ, “ಬಲಗಡೆಯದ್ದೂ ಹಂಗೇ ಆಗ್ತೈತೆ ಬಿಡಿ,” ಎನ್ನುತ್ತಿದ್ದರು.

ಮಡಿಕೇರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಟಾರ್ಚು ಬಿಟ್ಟು, ಬದಿಯಿಂದ ನೋಡಿ, ಹಳೇ ಫೋಟೋ ಇದೆಯಾ ಎಂದು ಕೇಳಿದರು. ನಾನು ಫೋನ್ ತೆಗೆದೆ. ಈ ಫೋಟೋಗಳ ಕತೆಯೇ ಬೇರೆ. ವರ್ಷಗಟ್ಟಲೆಯ ಚಿತ್ರಗಳಿವೆ, ಒಂದೂ ಕೆಲಸಕ್ಕೆ ಬರುವುದಿಲ್ಲ. ಒಂದರಲ್ಲಿ ಬಗ್ಗಿ ಬಡಿಸುತ್ತಿದ್ದಾರೆ. ಒಂದರಲ್ಲಿ ಯಾರದೋ ಭುಜ ಅಡ್ಡ ಬಂದಿದೆ. ಮೊಮ್ಮಗಳು ತೆಗೆದ ಸೆಲ್ಫಿಯಲ್ಲಿ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ, ಆದರೆ ಸೆರಗು ಬಲಭುಜದ ಮೇಲಿದೆ, ಅಂದರೆ ಚಿತ್ರವೇ ತಿರುಗಿದೆ, ಎಡ ಯಾವುದು ಬಲ ಯಾವುದು ಎಂದು ಅಲ್ಲೇ ಕೂತು ಕೈ ಬೆರಳು ಮುಟ್ಟಿಕೊಂಡು ಯೋಚಿಸಬೇಕಾಯಿತು. ಮನೆಯ ಮದುವೆ ಆಲ್ಬಂನಲ್ಲಿ ಎದುರಿಗೆ ನಿಂತಿದ್ದಾರೆ, ಆದರೆ ಫೋಟೋಗ್ರಾಫರು ಎಲ್ಲರ ಕಣ್ಣಿನ ಕೆಳಗಿನ ನೆರಳನ್ನೂ ಒರೆಸಿ ಹಾಕಿ, ಇಡೀ ಬಂಧುಬಳಗವನ್ನು ಬೇಯಿಸಿದ ಮೊಟ್ಟೆಯ ಹಾಗೆ ಮಾಡಿಟ್ಟಿದ್ದಾನೆ. ಗುಳಿ ಯಾವಾಗ ಶುರುವಾಯಿತು ಎಂದು ನಾನು ಹೇಳಲಾರೆ. ಫೋಟೋಗಳೂ ಹೇಳಲಾರವು.

“ಔಷಧಿಯಿಂದಲೇ ಆಗಿರೋದು,” ಎಂದರು ಡಾಕ್ಟರು. “ಕಣ್ಣುಗುಡ್ಡೆ ಸುತ್ತ ಮೆತ್ತೆ ಥರ ಕೊಬ್ಬು ಇರುತ್ತೆ. ಈ ಡ್ರಾಪ್ಸು ಕೆಲವರಿಗೆ ಅದನ್ನ ಕರಗಿಸುತ್ತೆ. ರೆಪ್ಪೆಗೂದಲು ಉದ್ದ ಆಗೋದು, ಚರ್ಮ ಕಪ್ಪಾಗೋದು, ಎಲ್ಲ ಅದರದ್ದೇ. ಒಂದೇ ಕಣ್ಣಿಗೆ ಹಾಕ್ತಿರೋದ್ರಿಂದ ಎದ್ದು ಕಾಣ್ತಿದೆ.”

“ಮೊದಲೇ ಹೇಳಬಹುದಿತ್ತಲ್ಲ ಸಾರ್,” ಎಂದೆ.

“ಹೇಳಿದ್ದೆ ಅನ್ಸುತ್ತೆ,” ಎಂದರು. ನನ್ನ ಗಂಡನೂ ಹೌದು, ಹೇಳಿದ್ದರು, ಕೂದಲು ಬೆಳೆಯುತ್ತೆ ಎಂದಿದ್ದರು ಎಂದು ತಲೆಯಾಡಿಸಿದರು. ನನಗೆ ಹಾಗೆ ಕೇಳಿದ ನೆನಪೇ ಇಲ್ಲ. ಇಬ್ಬರು ‘ಹೌದು’ ಎನ್ನುವಾಗ ಒಬ್ಬಳ ‘ಇಲ್ಲ’ ನಿಲ್ಲುವುದಿಲ್ಲ.

ಡಾಕ್ಟರು ಅತ್ತೆಯ ಕಡೆ ಬಗ್ಗಿ, ಸ್ವಲ್ಪ ಗಟ್ಟಿಯಾಗಿ, ಕಿವುಡರಿಗೆ ಹೇಳುವಂತೆ ಹೇಳಿದರು: “ನಿಲ್ಲಿಸ್ಬಾರ್ದು ಅಜ್ಜಿ. ನಿಲ್ಸಿದ್ರೆ ಗುಳಿ ತುಂಬ್ಕೊಳುತ್ತೆ, ಮುಖ ಚೆನ್ನಾಗಾಗುತ್ತೆ, ಆದ್ರೆ ದೃಷ್ಟಿ ಹೋಗುತ್ತೆ. ಆಸ್ತಮಾ ಇರೋದ್ರಿಂದ ಎಲ್ಲಾ ಔಷಧಿ ನಿಮಗಾಗಲ್ಲ. ಇದು ಚೆನ್ನಾಗಿ ಕೆಲಸ ಮಾಡ್ತಿದೆ. ಹಾಕಿದ ಮೇಲೆ ಹೊರಗೆ ಹರಿದಿದ್ದನ್ನ ಒಳ್ಳೆ ಬಟ್ಟೆಯಲ್ಲಿ ಒರೆಸ್ಕೊಳ್ಳಿ, ಅಷ್ಟು ಸಾಕು.”

ಅತ್ತೆ ಆಯ್ತು ಎಂದರು. ನಾನು ಬಿಳಿ ಹತ್ತಿ ಸೀರೆಯೊಂದನ್ನು ಕತ್ತರಿಸಿ, ಕುದಿಸಿ, ಒಣಗಿಸಿ, ಸಣ್ಣ ಸಣ್ಣ ತುಂಡು ಮಾಡಿ ದೇವರ ಕೋಣೆಯ ಗೂಡಿನಲ್ಲಿ ಇಟ್ಟೆ.

ಕಾರಣ ಸಿಕ್ಕಿತು, ಇನ್ನು ಮಾತು ನಿಲ್ಲುತ್ತದೆ ಎಂದುಕೊಂಡಿದ್ದೆ. ಅದೆಷ್ಟು ದಡ್ಡ ನಂಬಿಕೆ. ಯಾರು ಕೇಳಿದರೂ ವಿವರಿಸಿದೆ: ಔಷಧಿ, ಕೊಬ್ಬು, ಮೆತ್ತೆ, ಒಂದೇ ಕಣ್ಣು. ವಿವರಿಸಿದಷ್ಟೂ ತಪ್ಪು ಮುಚ್ಚಿಹಾಕುತ್ತಿರುವವಳ ಹಾಗೆ ಕೇಳಿಸುತ್ತಿತ್ತು. ನನಗೇ ಹಾಗೆ ಕೇಳಿಸುತ್ತಿತ್ತು. ಚಿಕ್ಕತ್ತೆಗೆ ಫೋನಿನಲ್ಲಿ ಹೇಳಿದಾಗ ಅವರು, “ಕೊಬ್ಬು ಕರಗಿಸೋ ಡ್ರಾಪ್ಸಾ? ಹಂಗಾದ್ರೆ ನಂಗೂ ಒಂದ್ ಸೀಸೆ ತಂದ್ಕೊಡವ್ವ, ಹೊಟ್ಟೆಗೆ ಹಚ್ಕೋತೀನಿ,” ಎಂದರು. ಆ ಮಾತು ಸೋಮವಾರಪೇಟೆಯಿಂದ ಬಸ್ಸಿಗಿಂತ ಮೊದಲು ಮಾದಾಪುರ ತಲುಪಿತು. ಅಂಗಡಿಗೆ ಬಂದ ಒಬ್ಬರು ಹೊಟ್ಟೆ ಸವರಿಕೊಂಡು, “ಆ ಡ್ರಾಪ್ಸ್ ಇದ್ಯಾ ಮೇಡಂ?” ಎಂದು ಕೇಳಿ ನಕ್ಕರು. ನಾನು ಹಗ್ಗ ಅಳೆಯುತ್ತಿದ್ದೆ. ಎಷ್ಟು ಮಾರು ಎಂಬುದು ತಪ್ಪಿ ಮತ್ತೆ ಮೊದಲಿನಿಂದ ಅಳೆದೆ.

ಅದಾದ ಮೇಲೆ ಚಿಕ್ಕತ್ತೆಯ ಮಗನ ಮನೆ ಗೃಹಪ್ರವೇಶ. ಕಾಫಿ ಪಿಕ್ಕಿಂಗ್ ಮುಗಿದು ಜನರ ಕೈಯಲ್ಲಿ ಸಮಯವಿದ್ದ ಕಾಲ, ಹಾಗಾಗಿ ಬಂಧುಗಳೆಲ್ಲ ಇದ್ದರು. ಹೆಂಗಸರ ಪಂಕ್ತಿಯಲ್ಲಿ ಅತ್ತೆ, ಅವರ ಪಕ್ಕ ನಾನು. ಹೋಳಿಗೆ ಬಡಿಸುವವನು ನಮ್ಮನ್ನು ದಾಟುವಾಗ ಚಿಕ್ಕತ್ತೆ ಹಿಂದಿನಿಂದ ಬಂದು ಅವನ ಹೆಗಲು ಹಿಡಿದರು.

“ಅಕ್ಕನ ಎಲೆಗೆ ಇನ್ನೊಂದ್ ಹಾಕಪ್ಪಾ. ತುಪ್ಪ ಸುರಿ. ಮಾದಾಪುರದಲ್ಲಿ ತುಪ್ಪ ಸಿಕ್ಕಲ್ವಂತೆ.”

ಪಂಕ್ತಿಯೇ ನಕ್ಕಿತು. ಎದುರು ಸಾಲಿನ ಒಬ್ಬ ಮುದುಕಿ ನಗದೆ, ಅತ್ತೆಯ ಮುಖವನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಬಾಯಲ್ಲಿ ಚ್ಚು ಚ್ಚು ಎಂದರು. ಅದು ನಗುವಿಗಿಂತ ಕೆಟ್ಟದಾಗಿತ್ತು. ಅತ್ತೆ, “ಸಿಕ್ತದೆ. ನಿಮ್ಮನೇದಕ್ಕಿಂತ ವಾಸಿ,” ಎಂದು ಹೇಳಿದರೆಂದು ನನ್ನ ಗಂಡ ಹೇಳುತ್ತಾರೆ. ಅವರು ಗಂಡಸರ ಸಾಲಿನಲ್ಲಿ ಇದ್ದವರು, ಕೇಳಿಸಿರಲು ಸಾಧ್ಯವಿಲ್ಲ. ನನಗೆ ನೆನಪಿರುವಂತೆ ಅತ್ತೆ ಏನೂ ಹೇಳಲಿಲ್ಲ. ಎಲೆಗೆ ಬಿದ್ದ ಹೋಳಿಗೆಯನ್ನು ಮಡಿಸಿ, ಬೇಡದಿದ್ದರೂ, ನಿಧಾನಕ್ಕೆ ತಿಂದು ಮುಗಿಸಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊಟ್ಟೆ ಉಬ್ಬರಿಸಿ ಒದ್ದಾಡಿದರು.

ನನಗೆ ಹಟ ಹಿಡಿಯಿತು. ಡಾಕ್ಟರು ಹೇಳಿದ ಕಾರಣ ನನಗೆ ಗೊತ್ತು, ಊಟಕ್ಕೂ ಆ ಗುಳಿಗೂ ಸಂಬಂಧವಿಲ್ಲ ಎಂದು ಗೊತ್ತು, ಆದರೂ ಬೆಳಿಗ್ಗೆ ಕಡುಬಿನ ಮೇಲೆ ತುಪ್ಪ, ಹನ್ನೊಂದಕ್ಕೆ ರಾಗಿ ಮಾಲ್ಟ್, ನೆನೆಸಿದ ಬಾದಾಮಿ, ಸಂಜೆ ಬಾಳೆಹಣ್ಣು. ಊರವರ ಮಾತು ಸುಳ್ಳೆಂದು ತೋರಿಸಲು ಅದನ್ನೇ ನಂಬಿದವಳ ಹಾಗೆ ನಡೆದುಕೊಂಡೆ. ಅತ್ತೆ ತಿಂದರು, ಗೊಣಗಿದರು, ತಿಂದರು. “ಕುರಿ ಕೊಬ್ಬಿಸ್ದಂಗೆ ಕೊಬ್ಬಿಸ್ತಿದ್ದೀಯಲ್ಲ ಮಗಾ, ಕಡಿಯೋದು ಯಾವತ್ತು?” ಎಂದು ಒಮ್ಮೆ ಕೇಳಿದರು.

ಹೂಮಳೆ ಬಂತು, ಕಾಫಿ ಹೂ ಬಿಟ್ಟು ಉದುರಿತು, ಆಮೇಲೆ ದೊಡ್ಡ ಮಳೆಯೂ ಶುರುವಾಯಿತು. ಆ ನಡುವೆ ಎಲ್ಲೋ ಅತ್ತೆಯ ಮುಖ ಸರಿಹೋಯಿತು. ಯಾವಾಗ ಎಂದು ಇಲ್ಲಿಯೂ ಹೇಳಲಾರೆ. ಗುಳಿ ಪೂರಾ ಹೋಗಲಿಲ್ಲ, ಆದರೆ ತುಂಬಿಕೊಂಡಿತು. ಎರಡು ಕಣ್ಣೂ ಒಂದೇ ಮನೆಯವು ಎನ್ನುವ ಹಾಗಾಯಿತು. ರೈಟರ್ ಬಂದು, “ಅಜ್ಜಿ ಚೇತರಿಸ್ಕೊಂಡ್ರು,” ಎಂದರು. ಚಿಕ್ಕತ್ತೆ ಬಂದು ಅಕ್ಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, “ಈಗ ನೋಡು ಹೆಂಗೈತೆ ಮುಖ! ಬೈದಿದ್ದು ಕೆಲ್ಸ ಮಾಡ್ತು,” ಎಂದರು. ನನ್ನ ಬೆನ್ನು ತಟ್ಟಿದರು ಕೂಡ. ನನಗೆ ಸಂತೋಷವೇ ಆಯಿತು. ಬಾದಾಮಿಯಿಂದ ಹೀಗಾಗುವುದಿಲ್ಲ ಎಂದು ಹೇಳಬೇಕಾದವಳು ನಾನೊಬ್ಬಳೇ, ನಾನೂ ಬಾದಾಮಿಯ ಕಡೆಗೇ ಇದ್ದೆ.

ಬೇರೆ ಸಣ್ಣಪುಟ್ಟವು ಆಗುತ್ತಿದ್ದವು. ಎಡಗೈ ಬದಿಗೆ ಇಟ್ಟ ಲೋಟ ತಾಗಿ ಉರುಳುವುದು. ದೇವರ ಕೋಣೆಯ ಬಾಗಿಲಿನ ಪಟ್ಟಿಗೆ ಎಡಭುಜ ಬಡಿಯುವುದು. ಮಳೆಗಾಲದಲ್ಲಿ ನಮ್ಮ ಮನೆಯೊಳಗೆ ಹಗಲೂ ಮಬ್ಬು, ಎಲ್ಲರ ಭುಜವೂ ಎಲ್ಲಾದರೂ ಬಡಿಯುತ್ತದೆ. ಇವೆಲ್ಲ ಆಗಲೇ ನನ್ನ ಕಣ್ಣಿಗೆ ಬಿದ್ದಿದ್ದವೋ, ಇಲ್ಲ ಮುಂದೆ ಗೊತ್ತಾದದ್ದರ ಬೆಳಕಿನಲ್ಲಿ ಹಿಂದಕ್ಕೆ ಹೋಗಿ ಹೆಕ್ಕಿ ತಂದವೋ, ಆಣೆ ಮಾಡಿ ಹೇಳಲಾರೆ.

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರು ಒತ್ತಡ ನೋಡಿದರು. ಮತ್ತೊಮ್ಮೆ ನೋಡಿದರು. ಕತ್ತಲ ಡಬ್ಬಿಗೆ ಮುಖ ಇಟ್ಟು, ಚುಕ್ಕೆ ಬೆಳಕು ಕಂಡಾಗ ಗುಂಡಿ ಒತ್ತುವ ಪರೀಕ್ಷೆ ಮಾಡಿಸಿದರು. ಅದು ಮುಗಿದ ಮೇಲೆ ಅತ್ತೆಯ ಎದುರು ಕೂತು ಕೇಳಿದರು.

“ಡ್ರಾಪ್ಸ್ ಹಾಕ್ತಿದ್ದೀರಾ ಅಜ್ಜಿ?”

“ಹಾಕ್ತೀನಿ.”

“ದಿನಾ?”

“ದಿನಾ.”

“ತಿಂಗಳು ತಿಂಗಳು ಹೊಸ ಸೀಸೆ ತರ್ತೀನಿ ಸಾರ್,” ಎಂದರು ನನ್ನ ಗಂಡ. ಅದೂ ನಿಜ. ತೆರೆದ ಸೀಸೆಯನ್ನು ತಿಂಗಳಾದ ಮೇಲೆ ಬಿಸಾಡಬೇಕು ಎಂದಿದ್ದರು. ನಾವು ಬಿಸಾಡುತ್ತಿದ್ದೆವು, ಒಳಗೆ ಎಷ್ಟು ಉಳಿದಿದೆ ಎಂದು ಯಾರು ಅಲ್ಲಾಡಿಸಿ ನೋಡುತ್ತಾರೆ?

ಡಾಕ್ಟರು ಅತ್ತೆಯ ಎಡರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ, ನನ್ನನ್ನು ಹತ್ತಿರ ಕರೆದರು. “ನೋಡಿ, ರೆಪ್ಪೆಗೂದಲು ಮೋಟಾಗಿದೆ. ಗುಳಿ ತುಂಬಿದೆ. ಔಷಧಿ ಒಳಗೆ ಹೋಗ್ತಿದ್ರೆ ಈ ಕಣ್ಣು ಹೀಗೆ ಕಾಣೋದೇ ಇಲ್ಲ.”

ನಾನು ನೋಡಿದೆ. ಊರೆಲ್ಲ ಹೊಗಳಿದ ಆ ಕಣ್ಣು, ಚೆಂದಕ್ಕೆ, ತುಂಬಿಕೊಂಡು, ಮೇಲಕ್ಕೆ ನೋಡುತ್ತಿತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಬದಿಗೆ, ನಾನು ಪಕ್ಕ, ಗಂಡ ಹಿಂದಿನ ಸೀಟು. ಬೈಯಬೇಕು ಅನ್ನಿಸುತ್ತಿತ್ತು, ಅತ್ತೆಗೆ ಬೈದು ಅಭ್ಯಾಸವಿಲ್ಲ. ಕೊನೆಗೆ ಕೇಳಿದೆ.

“ಯಾವಾಗ ನಿಲ್ಸಿದ್ರಿ?”

“ನಿಲ್ಸಿಲ್ಲ. ಕಮ್ಮಿ ಮಾಡ್ದೆ.”

“ಎಷ್ಟು ಕಮ್ಮಿ?”

ಅವರು ಹೊರಗೆ ನೋಡಿದರು. “ಕಣ್ಣು ಮುಚ್ಕೊಂಡು ಹಾಕ್ತಿದ್ದೆ. ರೆಪ್ಪೆ ಮ್ಯಾಲೆ. ನೀ ಕೊಟ್ಟ ಬಟ್ಟೇಲಿ ಒರೆಸ್ಕೋತಿದ್ದೆ.”

“ಡಾಕ್ಟ್ರು ಅವತ್ತು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ, ನಿಲ್ಸಿದ್ರೆ ದೃಷ್ಟಿ ಹೋಗುತ್ತೆ ಅಂತ.”

“ಹೋಗಿರ್ಲಿಲ್ಲ ಕಣೆ. ನಾ ನೋಡ್ಕೋತಿದ್ದೆ.”

“ಹೆಂಗೆ ನೋಡ್ಕೋತಿದ್ರಿ?”

“ಪೂಜೇಲಿ.” ದೊಡ್ಡ ಗುಟ್ಟೇನಲ್ಲ ಎನ್ನುವ ಹಾಗೆ ಹೇಳಿದರು. “ಅಂಗೈ ಮ್ಯಾಲೆ ಲಿಂಗ ಇಟ್ಕೊಂಡು, ಬಲಗಣ್ಣು ಮುಚ್ಚಿ, ಎಡಗಣ್ಣಲ್ಲಿ ನೋಡ್ತಿದ್ದೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಸ್ಪಷ್ಟ ಕಾಣ್ತಿತ್ತು. ಇವತ್ತೂ ಕಾಣ್ತು. ಕಾಣೋ ಕಣ್ಣಿಗೆ ಔಷಧಿ ಯಾಕೆ?”

ಚಿಕ್ಕವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಅವರು ದಿನಕ್ಕೆ ಎರಡು ಹೊತ್ತು ಹೀಗೆ ಕೂತಿದ್ದಾರೆ: ಎಡಗೈಯ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅದರ ಮೇಲೆ ಲಿಂಗ, ನೋಟ ಅದರ ಮೇಲೆ, ಅತ್ತಿತ್ತ ಹೋಗಬಾರದು. ಇಡೀ ಬದುಕು ಅಭ್ಯಾಸ ಮಾಡಿದ ನೋಟ. ತಮ್ಮ ಕಣ್ಣು ಹೇಗಿದೆ ಎಂದು ತಿಳಿಯಲು ಅವರ ಬಳಿ ಇದಕ್ಕಿಂತ ನಂಬಿಕೆಯ ದಾರಿ ಬೇರೆ ಇರಲಿಲ್ಲ. ಆದರೆ ಈ ಕಾಯಿಲೆ ಅಂಚಿನಿಂದ ತಿನ್ನುತ್ತಾ ಬರುತ್ತದೆ. ನಟ್ಟನಡುವೆ ಇರುವುದನ್ನು ಕಟ್ಟಕಡೆಗೆ ಮುಟ್ಟುತ್ತದೆ. ಅಂಗೈ ಮೇಲಿನ ಲಿಂಗ ಕಾಣುತ್ತಲೇ ಇರುತ್ತದೆ. ಅಂಗೈಯ ಆಚೆಗಿನ ದೀಪ, ದೀಪದ ಆಚೆಗಿನ ಗೋಡೆ, ಗೋಡೆ ಪಕ್ಕದ ಬಾಗಿಲು ಇವು ಹೋಗಿರುತ್ತವೆ. ಅತ್ತಿತ್ತ ನೋಡಬಾರದ ಹೊತ್ತಿನಲ್ಲಿ ಅತ್ತಿತ್ತ ಏನು ಇಲ್ಲವಾಗಿದೆ ಎಂದು ಅವರಿಗೆ ಹೇಗೆ ತಿಳಿಯಬೇಕು?

ಡಾಕ್ಟರು ಬಂದು ಪೂಜೆಯ ಹೊತ್ತಿಗೆ ಪಕ್ಕದಲ್ಲಿ ಕೂರುವುದಿಲ್ಲ. ಇಂಥ ಪೂಜೆ ಮಾಡುವವರು ಹೀಗೆ ಪರೀಕ್ಷೆ ಮಾಡಿಕೊಂಡಾರು ಎಂದು ಯಾರ ತಲೆಗೂ ಹೊಳೆಯುವುದಿಲ್ಲ. ನಾನು ಅದೇ ಮನೆಯವಳು, ನನ್ನ ಕೊರಳಲ್ಲೂ ಲಿಂಗವಿದೆ, ನನಗೂ ಹೊಳೆದಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು? ಸಿಟ್ಟು ಮಾತ್ರ ಇತ್ತು. ಅದನ್ನು ಇಡಲು ಜಾಗ ಸಿಗದೆ, ಮುಂದಿನ ಸೀಟಿನವರು ಕಿಟಕಿ ತೆರೆದದ್ದಕ್ಕೆ ಅವರ ಮೇಲೆ ರೇಗಿದೆ.

ಕೇಳಬೇಕಾದ ಮುಖ್ಯವಾದ ಪ್ರಶ್ನೆ ಯಾವಾಗ, ಎಷ್ಟು ಎಂಬುದಲ್ಲ. ಯಾಕೆ ಕಮ್ಮಿ ಮಾಡಿದಿರಿ ಎಂಬುದು. ಅದನ್ನು ಒಂದೇ ಸಲ ಕೇಳಿದ್ದರೆ ಒಂದೇ ಉತ್ತರ ಇರುತ್ತಿತ್ತು. ನಾನು ಬೇರೆ ಬೇರೆ ದಿನ ಕೇಳಿದೆ. ಒಮ್ಮೆ, “ಉರೀತಿತ್ತು,” ಎಂದರು. ಕಣ್ಣು ಕೆಂಪಾದದ್ದನ್ನು ನಾನು ಕಂಡಿಲ್ಲ. ಇನ್ನೊಮ್ಮೆ, ತಲೆ ಬಾಚಿಕೊಳ್ಳುವಾಗ, “ಕನ್ನಡೀಲಿ ನಮ್ಮಪ್ಪನ ಕಡೇ ದಿನದ ಮುಖ ಕಾಣ್ತಿತ್ತು, ಬೇಜಾರು,” ಎಂದರು. ಅವರು ಕನ್ನಡಿಯ ಮುಂದೆ ನಿಲ್ಲುವುದೇ ಅಪರೂಪ, ಆದರೂ ಆ ಮಾತು ಸುಳ್ಳಿನ ಹಾಗೆ ಕೇಳಿಸಲಿಲ್ಲ. ಮತ್ತೊಮ್ಮೆ ಕೇಳಿದಾಗ, “ಅದ್ನೇ ಎಷ್ಟು ಸಲ ಕೇಳ್ತೀಯ, ಪೊಲೀಸ್ನೋರ ಹಂಗೆ?” ಎಂದು ಎದ್ದು ಹೋದರು.

ನನ್ನ ಗಂಡ ಹೇಳುವುದು ಬೇರೆ. ಗೃಹಪ್ರವೇಶದಿಂದ ಬಂದ ಮಾರನೇ ದಿನ ಅಮ್ಮ ಇವರ ಹತ್ತಿರ, “ನನ್ ಮುಖದಿಂದ ಆ ಹುಡುಗಿಗೆ ಊರ್ ತುಂಬ ಮಾತು,” ಎಂದಿದ್ದರಂತೆ. ಅದನ್ನು ಅವರು ನನಗೆ ಹೇಳಿದ್ದು ಎಲ್ಲ ಆದ ಮೇಲೆ, ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದ ದಿನ. ಪಂಕ್ತಿಯಲ್ಲಿ ಅಮ್ಮ ಆಡದ ಮಾತನ್ನೂ ಆಡಿದರು ಎಂದು ಹೇಳುವವರು ಅವರು. ಮನೆಯಲ್ಲಿ ಇಬ್ಬರು ಹೆಂಗಸರ ನಡುವೆ ಏನಾದರೂ ಬಿರುಕು ಕಂಡರೆ ಅದಕ್ಕೊಂದು ಒಳ್ಳೆಯ ಮಾತನ್ನು ಮೆತ್ತುವುದು ಅವರ ಸ್ವಭಾವ. “ನಿಜವಾಗ್ಲೂ ಅಂದ್ರಾ?” ಎಂದೆ. “ಅಂದ ಹಂಗೆ ನೆನಪು,” ಎಂದರು. ನನ್ನ ಮನೆಯಲ್ಲಿ ಎಲ್ಲರೂ ಈಗ ಹೀಗೇ ಮಾತಾಡುತ್ತಾರೆ.

ಈಗ ಡ್ರಾಪ್ಸ್ ನಾನು ಹಾಕುತ್ತೇನೆ. ಅದೇ ಹಳೆಯ ಔಷಧಿ, ಅದರ ಜೊತೆ ಇನ್ನೊಂದು. ಸಂಜೆ ಪೂಜೆ ಮುಗಿದ ಮೇಲೆ ಅತ್ತೆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕುತ್ತಾರೆ, ನಾನು ಕೆಳರೆಪ್ಪೆಯನ್ನು ಎಳೆದು ತೊಟ್ಟು ಬಿಡುತ್ತೇನೆ, ಅವರು ಬೈಯುತ್ತಾರೆ. “ಕೈ ತೊಳೆದಿದ್ದೀಯಾ? ಬೆಳ್ಳುಳ್ಳಿ ವಾಸ್ನೆ ಬತ್ತದೆ.” ತೊಳೆದಿರುತ್ತೇನೆ. ಒತ್ತಡ ಇಳಿದಿದೆ. ಗುಳಿ ಮತ್ತೆ ಬೀಳುತ್ತಿದೆ. ಮೊದಲು ಆ ಹಳ್ಳ ಕಂಡರೆ ಮುಖ ತಿರುಗಿಸುತ್ತಿದ್ದವಳು ಈಗ ಬೆಳಕಿಗೆ ನಿಲ್ಲಿಸಿ ಅದು ಇದೆಯೇ ಎಂದು ನೋಡುತ್ತೇನೆ. ಔಷಧಿ ಒಳಗೆ ಹೋಗುತ್ತಿದೆ ಎನ್ನುವುದಕ್ಕೆ ನನಗೆ ಕಾಣುವ ಗುರುತು ಅದೊಂದೇ. ರೆಪ್ಪೆಗೂದಲು ಉದ್ದವಾಗುತ್ತಿದೆ ಅನ್ನಿಸಿದ ದಿನ ನಿಜಕ್ಕೂ ಸಮಾಧಾನವಾಯಿತು, ಆಮೇಲೆ ಆ ಸಮಾಧಾನದ ಮೇಲೇ ಬೇಸರ ಬಂತು.

ಚಿಕ್ಕತ್ತೆ ವಿಡಿಯೋ ಕಾಲಿನಲ್ಲಿ ಕಂಡು, “ಮತ್ತೆ ಶುರುವಾಯ್ತಾ ಅಕ್ಕಾ ಉಪವಾಸ?” ಎಂದರು. ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದು, “ಹೂಂ ಕಣೆ, ನಿನ್ ಮೋರೆ ಕಂಡ್ರೆ ಹಸಿವೇ ಆಗಲ್ಲ,” ಎಂದರು. ಈ ಸಲ ನಾನು ಏನನ್ನೂ ವಿವರಿಸಲಿಲ್ಲ. ವಿವರಿಸಲು ಹೊರಟರೆ ನಡುವಿನ ಆ ತಿಂಗಳುಗಳನ್ನೂ ಹೇಳಬೇಕಾಗುತ್ತದೆ, ಅದನ್ನು ಅತ್ತೆ ತಂಗಿಗೆ ಹೇಳಿಲ್ಲ, ನಾನು ಹೇಳುವುದು ಸರಿಯಲ್ಲ. ಹೇಳಿದರೆ ಚಿಕ್ಕತ್ತೆ ಅಳುತ್ತಾರೋ, ಇಲ್ಲ ಅದರಿಂದಲೂ ಒಂದು ಹೊಸ ಮಾತು ಹುಟ್ಟಿಸುತ್ತಾರೋ, ಅದನ್ನು ನೋಡುವ ಆಸೆ ಮಾತ್ರ ಆಗಾಗ ಆಗುತ್ತದೆ.

ಡಾಕ್ಟರನ್ನು ಕೊನೆಯ ಸಲ ಕೇಳಿದೆ: ಎಡಗಡೆಯ ಅಂಚಿನಲ್ಲಿ ಈಗ ಇಲ್ಲದ ನೋಟ ಆ ತಿಂಗಳುಗಳಲ್ಲೇ ಹೋದದ್ದೋ, ದಿನಾ ಸರಿಯಾಗಿ ಹಾಕಿದ್ದರೆ ಉಳಿಯುತ್ತಿತ್ತೋ? ಅವರು ಹಳೆಯ ಪರೀಕ್ಷೆಯ ಹಾಳೆಯನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು, ಮೊದಲ ಸಲ ಅತ್ತೆಗೆ ಗುಂಡಿ ಒತ್ತುವುದು ಸರಿಯಾಗಿ ಗೊತ್ತಿರಲಿಲ್ಲ, ಅದನ್ನು ನಂಬಿ ಏನೂ ಹೇಳಲಾಗದು ಎಂದರು. ಸ್ವಲ್ಪ ಆಗ ಹೋಗಿರಬಹುದು, ಸ್ವಲ್ಪ ಹೇಗಿದ್ದರೂ ಹೋಗುತ್ತಿತ್ತು ಎಂದರು. ಎಷ್ಟು ಸ್ವಲ್ಪ ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದರು.

ಅತ್ತೆ ಆ ನೋಟವನ್ನು ಬಿಟ್ಟುಕೊಟ್ಟದ್ದು ತಮ್ಮ ಮುಖಕ್ಕಾಗಿಯೋ, ಉರಿಗಾಗಿಯೋ, ನನಗಾಗಿಯೋ, ನನಗೆ ಗೊತ್ತಿಲ್ಲ. ಕೇಳುವುದನ್ನು ಬಿಟ್ಟಿದ್ದೇನೆ. ಅವರಿಗಾದರೂ ಗೊತ್ತಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.